ಗಾಡಿ ಪ್ರಶ್ನೋತ್ತರ: ರಿವರ್ಸ್ ಹಾಕುವಾಗ ಕರ್ರ್ ಅಂದ್ರೆ ಗೇರ್‌ಬಾಕ್ಸ್ ಹೋಯ್ತಾ?

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ರಿವರ್ಸ್ ಗೇರಿಂದೇ ಗಲಾಟೆ. ಮಳೆಗಾಲ ಮುಗೀತಾ ಬರುವಾಗ ನಮ್ಮ ಕಡೆ ಇದು ಸಾಮಾನ್ಯ, ಯಾಕೆ ಅಂತ ನಾಲ್ಕನೇ ಪ್ರಶ್ನೆಯಲ್ಲಿ ಗೊತ್ತಾಗ್ತದೆ. ಟಯರು, ಮೈಲೇಜು, ಇನ್ಶೂರೆನ್ಸ್ ಅಂತ ಬರೆದವರು ಸ್ವಲ್ಪ ತಡ್ಕೊಳ್ಳಿ, ನಿಮ್ಮದು ಮುಂದಿನ ಸಂಚಿಕೆಗೆ ತೆಗೆದಿಟ್ಟಿದ್ದೇನೆ.

ಪ್ರಶ್ನೆ: ಸರ್, ನಾನು ಲೈಸೆನ್ಸ್ ಮಾಡಿಸಿ ಹೆಚ್ಚು ಸಮಯ ಆಗ್ಲಿಲ್ಲ. ಸೆಕೆಂಡ್ ಹ್ಯಾಂಡ್ ಸಣ್ಣ ಕಾರು, 2014ರ ಮಾಡೆಲ್, ಪೆಟ್ರೋಲ್. ಮುಂದೆ ಹೋಗುವ ಐದೂ ಗೇರು ಸಲೀಸಾಗಿ ಬೀಳ್ತದೆ. ರಿವರ್ಸ್ ಹಾಕುವಾಗ ಮಾತ್ರ ಕೆಲವು ಸಲ ಕರ್ರ್ ಅಂತ ದೊಡ್ಡ ಶಬ್ದ, ಅಪಾರ್ಟ್‌ಮೆಂಟಿನ ವಾಚ್‌ಮ್ಯಾನ್ ಸಹ ತಿರುಗಿ ನೋಡ್ತಾರೆ. ಬೆಳಿಗ್ಗೆ ಆಫೀಸಿಗೆ ಲೇಟಾದ ದಿನ ಗ್ಯಾರಂಟಿ ಬರ್ತದೆ, ಆದಿತ್ಯವಾರ ಆರಾಮಲ್ಲಿ ತೆಗೆದ್ರೆ ಬರೂದಿಲ್ಲ. ಭಾವ ಹೇಳ್ತಾರೆ ಗೇರ್‌ಬಾಕ್ಸ್ ಹೋಗಿದೆ, ಹಳೆ ಗಾಡಿ ತಗೊಂಡು ಮೋಸ ಹೋದಿ ನೀನು ಅಂತ. ಒಂದು ಗ್ಯಾರೇಜಿನಲ್ಲಿ ಕೇಳಿದ್ರೆ ಗೇರ್‌ಬಾಕ್ಸ್ ಇಳಿಸಿ ನೋಡ್ಬೇಕು ಅಂದ್ರು. ಎಂತ ಮಾಡೂದು?
— ಓದುಗಿ, ಕುಂಜಿಬೆಟ್ಟು, ಉಡುಪಿ

ಉತ್ತರ: ಸದ್ಯಕ್ಕೆ ಎಂತ ಇಳಿಸ್ಲಿಕ್ಕೂ ಹೋಗ್ಬೇಡಿ ಅಕ್ಕ. ಉತ್ತರ ನಿಮ್ಮ ಕಾಗದದಲ್ಲೇ ಉಂಟು, ಲೇಟಾದ ದಿನ ಬರ್ತದೆ ಆದಿತ್ಯವಾರ ಬರೂದಿಲ್ಲ ಅಂತ ನೀವೇ ಬರ್ದಿದ್ದೀರಿ. ಗೇರ್‌ಬಾಕ್ಸಿನ ಹಲ್ಲು ಹೋಗಿದ್ರೆ ಅದಕ್ಕೆ ವಾರ ಗೊತ್ತಾಗೂದಿಲ್ಲ, ಎಲ್ಲಾ ದಿನ ಒಂದೇ ರೀತಿ ಸತಾಯಿಸ್ತದೆ.

ಒಳಗೆ ಎಂತ ಆಗೂದು ಅಂತ ಹೇಳ್ತೇನೆ. ನಿಮ್ಮ ಕಾರಿನ ಫಸ್ಟಿಂದ ಫಿಫ್ತ್ ವರೆಗಿನ ಗೇರುಗಳಿಗೆ ಸಿಂಕ್ರೊಮೆಶ್ ಅಂತ ಒಂದು ವ್ಯವಸ್ಥೆ ಉಂಟು, ಹೆಚ್ಚಾಗಿ ಹಿತ್ತಾಳೆ ರಿಂಗು, ಗೇರು ಕೂಡುವ ಮೊದಲು ಅದು ತಿಕ್ಕಿ ಎರಡೂ ಭಾಗದ ಸ್ಪೀಡ್ ಒಂದೇ ಮಾಡ್ತದೆ. ನಮ್ಮ ಸಿಟಿ ಬಸ್ಸು ಸ್ಟಾಪಿನಲ್ಲಿ ಪೂರ್ತಿ ನಿಲ್ಲದೆ ಉರುಳ್ತಾ ಇರುವಾಗ ಹತ್ತುವವರನ್ನು ನೋಡಿ, ಅಭ್ಯಾಸ ಇದ್ದವರು ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ಓಡಿ ಅದರ ಸ್ಪೀಡಿಗೆ ಬಂದು ಮತ್ತೆ ಕಂಬಿ ಹಿಡೀತಾರೆ, ಆ ನಾಲ್ಕು ಹೆಜ್ಜೆ ಓಡುವ ಕೆಲಸವೇ ಸಿಂಕ್ರೊ ಮಾಡೂದು. ಹೆಚ್ಚಿನ ಸಣ್ಣ ಕಾರುಗಳಲ್ಲಿ ರಿವರ್ಸಿಗೆ ಈ ವ್ಯವಸ್ಥೆಯೇ ಇಲ್ಲ. ಅದು ನಿಂತಲ್ಲಿಂದಲೇ ಕಂಬಿಗೆ ಕೈ ಹಾಕೂದು. ಬಸ್ಸು ನಿಂತಿದ್ರೆ ಸರಿ, ಓಡ್ತಾ ಇದ್ರೆ ಕೈ ಎಳ್ಕೊಂಡು ಹೋಗ್ತದೆ.

ಕಂಪನಿಯವರು ಯಾಕೆ ಹಾಕ್ಲಿಲ್ಲ ಅಂದ್ರೆ ಖರ್ಚು ಮತ್ತು ಜಾಗ. ರಿವರ್ಸ್ ಯಾವಾಗ್ಲೂ ನಿಂತ ಗಾಡಿಯಲ್ಲಿ ಹಾಕೂದು, ಹಾಗಾಗಿ ಅವಶ್ಯ ಇಲ್ಲ ಅಂತ ಅವರ ಲೆಕ್ಕ. ಮುಂದಿನ ಗೇರುಗಳ ಹಲ್ಲು ಓರೆಯಾಗಿ ಕಡಿದಿರ್ತದೆ ಮತ್ತು ಅವು ಯಾವಾಗ್ಲೂ ಒಂದಕ್ಕೊಂದು ಕೂಡಿಕೊಂಡೇ ತಿರುಗ್ತಾ ಇರ್ತವೆ, ರಿವರ್ಸಿನಲ್ಲಿ ಮಾತ್ರ ಒಂದು ಸಣ್ಣ ಮೂರನೇ ಗೇರು, ಐಡ್ಲರ್ ಅಂತ, ಅದು ಜಾರಿ ಬಂದು ಎರಡು ಗೇರುಗಳ ಮಧ್ಯೆ ಸೇರ್ಕೊಳ್ಬೇಕು, ಆಗ ತಿರುಗುವ ದಿಕ್ಕು ಉಲ್ಟಾ ಆಗ್ತದೆ. ಜಾರಿ ಸೇರ್ಬೇಕಾದ ಕಾರಣ ಅದರ ಹಲ್ಲು ನೇರ. ಸ್ವಲ್ಪ ದೊಡ್ಡ ಕೆಲವು ಕಾರುಗಳಲ್ಲಿ ರಿವರ್ಸಿಗೂ ಸಿಂಕ್ರೊ ಉಂಟು, ಅದನ್ನು ಓಡಿಸಿ ಬಂದವರು ನಿಮ್ಮ ಕಾರಿಗೆ ದೋಷ ಹೇಳಿದ್ರೆ ತಲೆ ಕೆಡಿಸ್ಕೊಳ್ಬೇಡಿ. ಭಾವನ ಗಾಡಿ ಯಾವುದು ಅಂತ ಒಮ್ಮೆ ನೋಡಿ.

ಈಗ ನಿಮ್ಮ ಬೆಳಿಗ್ಗೆಯ ಕಥೆಗೆ ಬರುವ. ಕಾರು ನಿಂತಿದೆ, ಚಕ್ರದ ಕಡೆಯ ಗೇರುಗಳೆಲ್ಲ ನಿಂತಿವೆ. ಆದ್ರೆ ಸ್ಟಾರ್ಟ್ ಮಾಡಿ ನ್ಯೂಟ್ರಲಿನಲ್ಲಿ ಕ್ಲಚ್ ಬಿಟ್ಟಿರುವಾಗ ಇಂಜಿನ್ ಕಡೆಯ ಶಾಫ್ಟ್ ತಿರುಗ್ತಾನೇ ಇರ್ತದೆ. ನೀವು ಕ್ಲಚ್ ಒತ್ತಿದ ಕೂಡ್ಲೇ ಅದು ನಿಲ್ಲೂದಿಲ್ಲ, ಇಂಜಿನ್ನಿನ ಸಂಪರ್ಕ ತಪ್ಪಿದ್ರೂ ಫ್ಯಾನಿನ ಸ್ವಿಚ್ ತೆಗೆದ ಮೇಲೆ ರೆಕ್ಕೆ ತಿರುಗ್ತದಲ್ಲ ಆ ರೀತಿ ತನ್ನ ಪಾಡಿಗೆ ತಿರುಗ್ತಾ ನಿಧಾನಕ್ಕೆ ನಿಲ್ತದೆ. ಎರಡು ಮೂರು ಸೆಕೆಂಡ್ ಬೇಕು. ಲೇಟಾದ ದಿನ ನೀವು ಆ ಸೆಕೆಂಡ್ ಕೊಡೂದಿಲ್ಲ, ಅಷ್ಟೇ ವಿಷಯ. ಅದರ ಮೇಲೆ ಇನ್ನೊಂದು, ಬೆಳಿಗ್ಗೆ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಆದ ಕೂಡ್ಲೇ ಬೇಕಂತ್ಲೇ ಸ್ವಲ್ಪ ಜೋರು ತಿರುಗ್ತದೆ. ಬಿಸಿ ಆದ ಮೇಲೆ ನಿಮಿಷಕ್ಕೆ 700ರಿಂದ 900 ಸುತ್ತಿಗೆ ಬರುವ ಇಂಜಿನ್ ಸುರುವಿಗೆ ಸಾವಿರದ ಮೇಲೆ ಇರ್ತದೆ, ಮೀಟರಿನ ಮುಳ್ಳು ನೋಡಿದ್ರೆ ಗೊತ್ತಾಗ್ತದೆ. ಆಗಲೇ ರಿವರ್ಸ್ ಎಳೆದ್ರೆ ಶಬ್ದ ಬಾರದೆ ಇರ್ತದಾ? ಸ್ಟಾರ್ಟ್ ಮಾಡಿ, ಸೀಟ್ ಬೆಲ್ಟ್ ಹಾಕಿ, ಕನ್ನಡಿ ಸರಿ ಮಾಡಿ, ಅಷ್ಟರಲ್ಲಿ ಮುಳ್ಳು ಇಳೀತದೆ, ಮತ್ತೆ ಕ್ಲಚ್ ಪೂರ್ತಿ ಒತ್ತಿ ಮೂರು ಎಣಿಸಿ ಹಾಕಿ. ಇಷ್ಟರಲ್ಲೇ ಮುಕ್ಕಾಲು ಪಾಲು ಶಬ್ದ ಹೋಗ್ಬೇಕು.

"ಪೂರ್ತಿ" ಅಂತ ಹೇಳಿದ್ದಕ್ಕೆ ಕಾರಣ ಉಂಟು. ಮನೆಯಲ್ಲಿ ಇಬ್ಬರು ಓಡಿಸುವ ಗಾಡಿಯಾದ್ರೆ ಸೀಟು ಯಾರ ಕಾಲಿನ ಉದ್ದಕ್ಕೆ ಇದೆ ಅಂತ ನೋಡಿ, ಹಿಂದೆ ಇದ್ರೆ ನಿಮ್ಮ ಕಾಲು ಕ್ಲಚ್ಚನ್ನು ತಳದವರೆಗೆ ಕೊಂಡೋಗೂದಿಲ್ಲ. ಮಳೆಗಾಲದಲ್ಲಿ ನಾವು ಮ್ಯಾಟಿನ ಮೇಲೆ ಮ್ಯಾಟು, ಅದರ ಮೇಲೆ ನಾಲ್ಕು ದಿನದ ಪೇಪರ್ ಹಾಕಿಡೂದು ಬೇರೆ. ಅದೆಲ್ಲ ಒದ್ದೆಯಾಗಿ ಮುದ್ದೆಯಾಗಿ ಪೆಡಲಿನ ಕೆಳಗೆ ಸೇರ್ಕೊಂಡು ಕೊನೆಯ ಅರ್ಧ ಇಂಚು ತಡೀತದೆ. ಮುಂದಿನ ಗೇರುಗಳಲ್ಲಿ ಸಿಂಕ್ರೊ ಅದನ್ನು ಹೇಗೋ ಸುಧಾರಿಸ್ತದೆ, ನಿಮಗೆ ಗೊತ್ತೂ ಆಗೂದಿಲ್ಲ. ರಿವರ್ಸ್ ಮಾತ್ರ ಬೊಬ್ಬೆ ಹೊಡೀತದೆ. ಮೊದಲು ಆ ಪೇಪರ್ ತೆಗ್ದು ಬಿಸಾಡಿ.

ಇಷ್ಟೆಲ್ಲ ಮಾಡಿಯೂ, ಸಮತಟ್ಟು ಜಾಗದಲ್ಲಿ ಗಾಡಿ ಪೂರ್ತಿ ನಿಂತು, ಇಂಜಿನ್ ಐಡಲಿನಲ್ಲಿ ಇದ್ದು, ಕ್ಲಚ್ ತಳಕ್ಕೆ ಒತ್ತಿ ನಿಧಾನಕ್ಕೆ ಹತ್ತು ಎಣಿಸಿದ ಮೇಲೂ ಕರ್ರ್ ಅಂದ್ರೆ ಆಗ ಅದು ನಿಮ್ಮ ಕೈಯ ವಿಷಯ ಅಲ್ಲ, ಕ್ಲಚ್ ಪೂರ್ತಿ ಬಿಡ್ತಾ ಇಲ್ಲ ಅಂತ ಅರ್ಥ. ಕೇಬಲ್ ಕ್ಲಚ್ ಇರುವ ಕಾರಾದ್ರೆ ಕೇಬಲ್ ಎಳೆದು ಉದ್ದ ಆಗಿರ್ತದೆ, ಪೆಡಲಿನ ಫ್ರೀ ಪ್ಲೇ, ಅಂದ್ರೆ ಒತ್ತುವಾಗ ಸುರುವಿಗೆ ಖಾಲಿ ಹೋಗುವ ಅಂತರ, ಎಷ್ಟಿರ್ಬೇಕು ಅಂತ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಉಂಟು, ಅಷ್ಟಕ್ಕೆ ಅಡ್ಜಸ್ಟ್ ಮಾಡಿಸಿ. ನೆನಪಿರ್ಲಿ, ತೀರಾ ಬಿಗಿ ಮಾಡಿಸಿದ್ರೆ ಉಲ್ಟಾ ತೊಂದರೆ, ಕ್ಲಚ್ ಸ್ಲಿಪ್ ಆಗಿ ಮಣಿಪಾಲದ ಚಡಾವಿನಲ್ಲಿ ಇಂಜಿನ್ ಕೂಗ್ತದೆ, ಗಾಡಿ ಹತ್ತೂದಿಲ್ಲ. ಅಡ್ಜಸ್ಟ್ ಮಾಡ್ಲಿಕ್ಕೆ ಗೇರ್‌ಬಾಕ್ಸ್ ಇಳಿಸುವ ಕೆಲಸ ಇಲ್ಲ. ಹಾಗಾಗಿ ಮೊದಲ ಮಾತಿಗೇ "ಇಳಿಸ್ಬೇಕು" ಅನ್ನುವವರ ಹತ್ರ ಒಂದೇ ಕೇಳಿ, ಇಂಜಿನ್ ಆಫ್ ಮಾಡಿ ರಿವರ್ಸ್ ಹಾಕಿ ನೋಡಿದ್ರಾ ಅಂತ. ಆಫ್ ಇರುವಾಗ ಸಲೀಸು ಬಿದ್ದು ಆನ್ ಇರುವಾಗ ಮಾತ್ರ ಒರೆದ್ರೆ ಹೆಚ್ಚಾಗಿ ಕ್ಲಚ್ ಕಡೆಯ ಕೇಸು. ಆಫ್ ಇರುವಾಗ್ಲೂ ಬಿಗಿ ಇದ್ರೆ ಗೇರ್ ಲಿವರಿನಿಂದ ಬಾಕ್ಸಿಗೆ ಹೋಗುವ ಕೇಬಲ್, ಬುಷ್ ನೋಡ್ಬೇಕು, ಅದೂ ಹೊರಗಿನಿಂದಲೇ ಆಗುವ ಕೆಲಸ.

ಹಾಗಂತ ಶಬ್ದ ಬಂದ್ರೆ ಬರ್ಲಿ ಅಂತಲೂ ಬಿಡ್ಬೇಡಿ. ಅಪರೂಪಕ್ಕೆ ಒಂದು ಸಲ ಬಂದದ್ದಕ್ಕೆ ಎಂತದೂ ಆಗೂದಿಲ್ಲ. ದಿನಾ ಆದ್ರೆ ಐಡ್ಲರಿನ ಹಲ್ಲಿನ ತುದಿ ಸವೆದು ದುಂಡಗಾಗ್ತದೆ, ಪುಡಿ ಗೇರ್ ಆಯಿಲಿಗೆ ಸೇರ್ತದೆ, ಕೊನೆಗೆ ರಿವರ್ಸ್ ಹೋಗ್ತಾ ಇರುವಾಗಲೇ ಗೇರು ತನ್ನಷ್ಟಕ್ಕೆ ಜಾರಿ ನ್ಯೂಟ್ರಲಿಗೆ ಬೀಳ್ತದೆ. ಆ ಹಂತಕ್ಕೆ ಹೋದ್ರೆ ಮಾತ್ರ ಭಾವ ಹೇಳಿದ್ದು ಸರಿ.

ಪ್ರಶ್ನೆ: ಡ್ರೈವಿಂಗ್ ಕ್ಲಾಸಿನ ಮಾಸ್ಟ್ರು ರಿವರ್ಸ್ ಹಾಕುವ ಮೊದಲು ಒಮ್ಮೆ ಫಸ್ಟಿಗೆ ಹಾಕಿ ಮತ್ತೆ ರಿವರ್ಸಿಗೆ ಹಾಕು ಅಂತ ಕಲಿಸಿದ್ದು. ನಮ್ಮ ಮಾಮ, ಅವರು ಹಿಂದೆ ಟ್ಯಾಕ್ಸಿ ಓಡಿಸಿದವರು, ಅದೆಲ್ಲ ಬೇಡ, ಕ್ಲಚ್ ಎರಡು ಸಲ ಹೊಡೆ ಸಾಕು ಅಂತಾರೆ. ಯಾರದ್ದು ಸರಿ?
— ಕಾಲೇಜು ವಿದ್ಯಾರ್ಥಿ, ಬಿಜೈ, ಮಂಗಳೂರು

ಉತ್ತರ: ಇಬ್ಬರದ್ದೂ ಸರಿ, ಆದ್ರೆ ಎರಡು ಬೇರೆ ಬೇರೆ ಕಾಯಿಲೆಗೆ. ಇಲ್ಲಿ ಹೆಚ್ಚಿನವರು ಗಲಿಬಿಲಿ ಮಾಡ್ಕೊಳ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೇನೆ.

ಶಬ್ದ ಬರುವ ಕಾಯಿಲೆ ಒಂದು. ಮೇಲೆ ಹೇಳಿದ ಹಾಗೆ ಇಂಜಿನ್ ಕಡೆಯ ಶಾಫ್ಟ್ ಇನ್ನೂ ತಿರುಗ್ತಾ ಇರ್ತದೆ. ಆಗ ಕ್ಲಚ್ ಒತ್ತಿ ಹಿಡ್ಕೊಂಡೇ ಫಸ್ಟಿಗೆ ಹಾಕಿದ್ರೆ ಫಸ್ಟಿನ ಸಿಂಕ್ರೊ ಆ ಶಾಫ್ಟನ್ನು ಹಿಡಿದು ನಿಲ್ಲಿಸ್ತದೆ, ಯಾಕಂದ್ರೆ ಗಾಡಿ ನಿಂತಿದೆ, ಚಕ್ರದ ಕಡೆ ಸ್ಪೀಡ್ ಸೊನ್ನೆ, ಅದೂ ಸೊನ್ನೆಗೆ ಬರ್ಲೇಬೇಕು. ಕ್ಲಚ್ ಬಿಡದೆ ಅಲ್ಲಿಂದಲೇ ರಿವರ್ಸಿಗೆ ಬಂದ್ರೆ ಶಬ್ದವೇ ಇಲ್ಲ. ಸಿಂಕ್ರೊ ಇರುವ ಯಾವ ಗೇರಾದ್ರೂ ಆಗ್ತದೆ, ರಿವರ್ಸಿಗೆ ಹತ್ರ ಇರುವುದನ್ನು ಆರಿಸ್ಕೊಳ್ಳಿ. ಹಾನಿ ಎಂತ ಇಲ್ಲ. ಮಾಸ್ಟ್ರು ಚೆನ್ನಾಗಿ ಕಲಿಸಿದ್ದಾರೆ.

ಇನ್ನೊಂದು ಕಾಯಿಲೆಯಲ್ಲಿ ಶಬ್ದವೇ ಇರೂದಿಲ್ಲ, ಗೇರೇ ಬೀಳೂದಿಲ್ಲ. ಲಿವರ್ ಅರ್ಧ ಹೋಗಿ ಗೋಡೆಗೆ ತಾಗಿದ ಹಾಗೆ ನಿಲ್ತದೆ. ಇಲ್ಲಿ ಎರಡೂ ಕಡೆ ನಿಂತಿದೆ, ಆದ್ರೆ ಹಲ್ಲಿಗೆ ಎದುರು ಹಲ್ಲು ಬಂದು ನಿಂತಿದೆ, ಸಂದಿಗೆ ಹಲ್ಲು ಬರ್ಲಿಲ್ಲ. ಫಸ್ಟಿಗೆ ಹಾಕಿ ತೆಗೆದ್ರೆ ಕೆಲವು ಸಲ ಸರಿ ಹೋಗ್ತದೆ, ಇಲ್ಲದಿದ್ರೆ ನ್ಯೂಟ್ರಲಿಗೆ ತಂದು ಕ್ಲಚ್ ಒಮ್ಮೆ ಬಿಟ್ಟು ಪುನಃ ಒತ್ತಬೇಕು, ಶಾಫ್ಟ್ ಸ್ವಲ್ಪ ತಿರುಗಿ ಬೇರೆ ಜಾಗದಲ್ಲಿ ನಿಲ್ತದೆ, ಆಗ ಹಲ್ಲು ಸಂದಿಗೆ ಬೀಳ್ತದೆ. ಇದೇ ನಿಮ್ಮ ಮಾಮ ಹೇಳಿದ ಎರಡು ಸಲ ಕ್ಲಚ್ ಹೊಡಿಯೂದು. ಆದ್ರೆ ಕರ್ರ್ ಅನ್ನುವ ಗಾಡಿಗೆ ಇದೇ ಮದ್ದು ಕೊಟ್ರೆ ಶಬ್ದ ಜಾಸ್ತಿಯೇ ಆಗ್ತದೆ ಮಾರಾಯ್ರೆ, ನಿಲ್ತಾ ಇದ್ದ ಶಾಫ್ಟನ್ನು ನ್ಯೂಟ್ರಲಿನಲ್ಲಿ ಕ್ಲಚ್ ಬಿಟ್ಟು ನೀವೇ ಪುನಃ ತಿರುಗಿಸಿ ಬಿಟ್ಟ ಹಾಗೆ ಆಯ್ತಲ್ಲ! ಶಬ್ದ ಬಂದ್ರೆ ಕ್ಲಚ್ ಬಿಡ್ಬೇಡಿ, ಗೇರು ತಡೆದ್ರೆ ಕ್ಲಚ್ ಬಿಟ್ಟು ಒತ್ತಿ. ಎರಡರಲ್ಲೂ ಲಿವರನ್ನು ಗುದ್ದಿ ಹಾಕ್ಲಿಕ್ಕೆ ಹೋಗ್ಬೇಡಿ.

ಮಾಮನ ಅಭ್ಯಾಸ ಎಲ್ಲಿಂದ ಬಂದದ್ದು ಅಂತ ಊಹಿಸ್ಬಹುದು. ಸಿಂಕ್ರೊಮೆಶ್ ಮೊದಲು ಬಂದದ್ದು 1928ರಲ್ಲಿ, ಅಮೆರಿಕದ ಕ್ಯಾಡಿಲಾಕ್ ಕಾರುಗಳಲ್ಲಿ. ಆದ್ರೆ ಎಲ್ಲಾ ಗೇರಿಗೂ ಬರ್ಲಿಕ್ಕೆ ಎಷ್ಟೋ ದಶಕ ಹೋಯ್ತು. ಹಳೆ ಮಾರ್ಕ್ ಅಂಬಾಸಿಡರುಗಳಲ್ಲಿ ಸೆಕೆಂಡ್, ಥರ್ಡ್, ಫೋರ್ತಿಗೆ ಮಾತ್ರ ಸಿಂಕ್ರೊ, ಫಸ್ಟಿಗೆ ಇರ್ಲಿಲ್ಲ. ಓಡ್ತಾ ಇರುವಾಗ ಫಸ್ಟಿಗೆ ಇಳಿಸ್ಬೇಕಾದ್ರೆ ನ್ಯೂಟ್ರಲಿನಲ್ಲಿ ಕ್ಲಚ್ ಬಿಟ್ಟು, ಆಕ್ಸಿಲರೇಟರ್ ಒಮ್ಮೆ ಕೊಟ್ಟು, ಪುನಃ ಕ್ಲಚ್ ಒತ್ತಿ ಹಾಕ್ಬೇಕಿತ್ತು. ಕದ್ರಿ ಗುಡ್ಡೆಗೆ ಫುಲ್ ಲೋಡ್ ಟ್ಯಾಕ್ಸಿ ಹತ್ತಿಸುವವರಿಗೆ ಈ ವಿದ್ಯೆ ಬಾರದೆ ಇದ್ರೆ ಆಗ್ತಾ ಇರ್ಲಿಲ್ಲ. ಆ ಕಾಲದವರ ಕಾಲಿಗೆ ಅದು ಕೂತುಬಿಟ್ಟಿದೆ, ನಿಂತ ಕಾರಿನ ರಿವರ್ಸಿಗೂ ಅದನ್ನೇ ಮಾಡ್ತಾರೆ. ಮಾಮನ ಹತ್ರ ವಾದ ಮಾಡ್ಲಿಕ್ಕೆ ಹೋಗ್ಬೇಡಿ, ಬೇಕಾದ್ರೆ ಎರಡೂ ರೀತಿ ಹಾಕಿ ತೋರಿಸಿ.

ಪ್ರಶ್ನೆ: ನಮ್ಮದು ಡೀಸೆಲ್ ಗಾಡಿ, ಹೈಡ್ರಾಲಿಕ್ ಕ್ಲಚ್. ಬೆಳಿಗ್ಗೆ ಸುರತ್ಕಲ್‌ನಿಂದ ಹೊರಡುವಾಗ ರಿವರ್ಸ್ ಆರಾಮ. ಸಂಜೆ ನಂತೂರು, ಕೊಟ್ಟಾರ ಚೌಕಿ ಟ್ರಾಫಿಕ್ ದಾಟಿ ಮನೆ ಮುಟ್ಟುವಾಗ ಫಸ್ಟೂ ಬಿಗಿ, ರಿವರ್ಸ್ ಅಂತೂ ಕಾದು ಹಾಕಿದ್ರೂ ಕರ್ರ್. ಕ್ಲಚ್ ಎರಡು ಮೂರು ಸಲ ಪಂಪ್ ಮಾಡಿದ್ರೆ ಮಾತ್ರ ಶಬ್ದ ಇಲ್ಲದೆ ಬೀಳ್ತದೆ. ಗೇರ್ ಆಯಿಲ್ ಚೇಂಜ್ ಮಾಡ್ಸಿ ಆಯ್ತು, ವ್ಯತ್ಯಾಸ ಇಲ್ಲ.
— ಓದುಗರು, ಸುರತ್ಕಲ್

ಉತ್ತರ: ಮೊದಲ ಅಕ್ಕನಿಗೆ ಹೇಳಿದ ಸಮಾಧಾನದ ಮಾತು ನಿಮಗೆ ಹೇಳ್ಲಿಕ್ಕಾಗೂದಿಲ್ಲ. ನಿಮ್ಮದು ನಿಜವಾದ ದೋಷ, ಆದ್ರೆ ಅದು ಗೇರ್‌ಬಾಕ್ಸಿನಲ್ಲಿ ಇಲ್ಲ. ಪಂಪ್ ಮಾಡಿದ್ರೆ ಸರಿ ಆಗ್ತದೆ ಅಂದ್ರೆ ಕ್ಲಚ್ಚಿನ ಹೈಡ್ರಾಲಿಕ್ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಪೆಡಲಿನ ಕಡೆಯ ಮಾಸ್ಟರ್ ಸಿಲಿಂಡರ್ ಅಥವಾ ಗೇರ್‌ಬಾಕ್ಸಿನ ಕಡೆಯ ಸ್ಲೇವ್ ಸಿಲಿಂಡರಿನ ಸೀಲು ಸೋರ್ತಾ ಉಂಟು. ನೀವು ಒತ್ತಿದ ಒತ್ತಡ ಕ್ಲಚ್ಚಿಗೆ ಪೂರ್ತಿ ಮುಟ್ಟೂದಿಲ್ಲ, ಕ್ಲಚ್ ಪ್ಲೇಟು ಇಂಜಿನ್ನಿನ ಜೊತೆ ತಿರುಗುವ ಫ್ಲೈವೀಲ್ ಚಕ್ರಕ್ಕೆ ಸ್ವಲ್ಪ ತಾಗ್ಕೊಂಡೇ ಇರ್ತದೆ, ಶಾಫ್ಟ್ ನಿಲ್ಲೂದೇ ಇಲ್ಲ. ಹತ್ತು ನಿಮಿಷ ಕಾದ್ರೂ ಅಷ್ಟೇ.

ಸಂಜೆ ಮಾತ್ರ ಯಾಕೆ ಅಂದ್ರೆ ಬಿಸಿ. ಟ್ರಾಫಿಕ್ಕಿನಲ್ಲಿ ನೂರು ಸಲ ಕ್ಲಚ್ ಒತ್ತಿ ಬಿಟ್ಟು ಎಲ್ಲಾ ಬಿಸಿಯಾಗಿರ್ತದೆ, ಮೆತ್ತಗಾದ ಸೀಲು ಬಿಸಿಗೆ ಇನ್ನೂ ಬಿಡ್ತದೆ. ಗೇರ್ ಆಯಿಲ್ ಸಹ ಬಿಸಿಗೆ ತೆಳು ಆಗಿ ಶಾಫ್ಟನ್ನು ತಡೆಯುವ ಶಕ್ತಿ ಕಡಿಮೆ ಆಗ್ತದೆ. ಮತ್ತೆ ಈ ಕ್ಲಚ್ ಫ್ಲುಯಿಡ್ ಅಂದ್ರೆ ಹೆಚ್ಚಾಗಿ ಬ್ರೇಕಿಗೆ ಹಾಕುವ ಅದೇ ಡಾಟ್ 3 ಅಥವಾ ಡಾಟ್ 4 ಎಣ್ಣೆ, ಗಾಳಿಯಲ್ಲಿರುವ ನೀರಿನಂಶ ಹೀರ್ಕೊಳ್ಳುವ ಗುಣ ಅದಕ್ಕುಂಟು. ಕಡಲ ಕರೆಯ ಹವೆಯಲ್ಲಿ ಕೇಳ್ಬೇಕಾ, ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದಿಟ್ರೆ ಏನಾಗ್ತದೆ ಅಂತ ನಿಮಗೆ ಗೊತ್ತುಂಟು. ನೀರು ಸೇರಿದ ಫ್ಲುಯಿಡ್ ಸಿಲಿಂಡರಿನ ಒಳಗೆ ತುಕ್ಕು ಹಿಡಿಸಿ ಸೀಲನ್ನು ಗೀರ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸ್ಬೇಕಾದ್ದನ್ನು ನಾವು ಗಾಡಿ ಮಾರುವವರೆಗೆ ಮುಟ್ಟೂದಿಲ್ಲ.

ಬಾನೆಟ್ ತೆಗೆದು ಡಬ್ಬಿಯಲ್ಲಿ ಮಟ್ಟ ನೋಡಿ. ಕಮ್ಮಿ ಇದ್ರೆ ಅದು ಎಲ್ಲೋ ಹೋಗಿರ್ಬೇಕಲ್ಲ? ಕ್ಲಚ್ ಪೆಡಲಿನ ಮೇಲ್ಗಡೆ ಕೈ ಹಾಕಿ ಒದ್ದೆ ಉಂಟಾ, ಗೇರ್‌ಬಾಕ್ಸಿನ ಮೇಲೆ ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟಿನೊಳಗೆ ಒದ್ದೆ ಉಂಟಾ ಅಂತ ನೋಡಿಸಿ. ಎಷ್ಟೋ ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ, ಅಂಥ ಗಾಡಿಯಲ್ಲಿ ಮಟ್ಟ ಇಳಿದಿದ್ರೆ ನಾಳೆ ನಾಡಿದ್ದು ಅಂತ ಮುಂದೂಡ್ಬೇಡಿ, ಬ್ರೇಕಿನ ವಿಷಯ ಅದು. ಸೋರಿಕೆ ಇಲ್ಲದಿದ್ರೆ ಹೊಸ ಫ್ಲುಯಿಡ್ ಹಾಕಿ ಬ್ಲೀಡ್ ಮಾಡಿಸಿ, ಒಬ್ಬರು ಪೆಡಲ್ ಒತ್ತೂದು ಇನ್ನೊಬ್ಬರು ಕೆಳಗೆ ನಿಪ್ಪಲ್ ಬಿಡೂದು, ಗಾಳಿ ಎಲ್ಲಾ ಬರ್ತದೆ. ಆಮೇಲೆ ಕೆಲವು ದಿನ ಬಿಟ್ಟು ಪುನಃ ಅದೇ ಕಥೆಯಾದ್ರೆ ಸೀಲು ಹೋಗಿದೆ, ಸಿಲಿಂಡರೇ ಬದಲಿಸ್ಬೇಕು.

ಒಂದು ಅಪವಾದ ಉಂಟು. ಕೆಲವು ಗಾಡಿಗಳಲ್ಲಿ ಸ್ಲೇವ್ ಸಿಲಿಂಡರ್ ಹೊರಗೆ ಇರೂದಿಲ್ಲ, ಗೇರ್‌ಬಾಕ್ಸಿನ ಒಳಗೆ ಶಾಫ್ಟಿನ ಸುತ್ತ ಕೂತಿರ್ತದೆ, ಅದು ಸೋರಿದ್ರೆ ಇಳಿಸದೆ ಬೇರೆ ದಾರಿ ಇಲ್ಲ. ಇಳಿಸಿದ ಮೇಲೆ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗ್ ಮೂರನ್ನೂ ನೋಡಿಸಿ, ಸವೆದಿದ್ರೆ ಆಗಲೇ ಹಾಕಿಸಿಬಿಡಿ, ಪುನಃ ಇಳಿಸುವ ಕೂಲಿ ಯಾಕೆ ಸುಮ್ಮನೆ.

ಗೇರ್ ಆಯಿಲ್ ಬದಲಿಸಿದ್ದು ವ್ಯರ್ಥ ಅಂತ ಬೇಜಾರು ಬೇಡ, ಆದ್ರೆ ಯಾವುದು ಹಾಕಿದ್ರು ಅಂತ ಬಿಲ್ಲಿನಲ್ಲಿ ನೋಡಿ. ಗೇರ್ ಆಯಿಲಿಗೆ ಗ್ರೇಡ್ ಉಂಟು, ನಿಮ್ಮ ಗಾಡಿಯ ಪುಸ್ತಕದಲ್ಲಿ ಜಿಎಲ್-4 ಅಂತ ಇದ್ದು ಅವರು ಡ್ರಮ್ಮಿನಲ್ಲಿದ್ದ ಜಿಎಲ್-5 ಹಾಕಿದ್ರೆ ಅದು ರಿವರ್ಸಿಗೆ ಎಂತ ಮಾಡದಿದ್ರೂ ಮುಂದಿನ ಗೇರುಗಳ ಹಿತ್ತಾಳೆ ರಿಂಗಿಗೆ ಒಳ್ಳೆಯದಲ್ಲ.

ಪ್ರಶ್ನೆ: ನಾವು ಮುಂಬೈಯಲ್ಲಿ ಇರೂದು, ಊರ ಮನೆ ಶಿರ್ವದ ಹತ್ರ. ಮೇ ತಿಂಗಳಲ್ಲಿ ಕಾರು ಶೆಡ್ಡಿನಲ್ಲಿಟ್ಟು ಹೋದದ್ದು ಚೌತಿಗೆ ಬಂದು ಬ್ಯಾಟರಿ ಚಾರ್ಜ್ ಮಾಡಿ ಸ್ಟಾರ್ಟ್ ಮಾಡಿದೆವು. ಇಂಜಿನ್ ಸ್ಟಾರ್ಟ್ ಆಗ್ತದೆ, ಆದ್ರೆ ಒಂದು ಗೇರೂ ಬೀಳೂದಿಲ್ಲ. ರಿವರ್ಸ್ ಹಾಕ್ಲಿಕ್ಕೆ ಹೋದ್ರೆ ಭಯಂಕರ ಶಬ್ದ. ಇಂಜಿನ್ ಆಫ್ ಇದ್ರೆ ಎಲ್ಲಾ ಬೀಳ್ತದೆ. ಇಟ್ಟು ಹೋಗುವಾಗ ಸರಿಯೇ ಇತ್ತು.
— ಓದುಗರು, ಮುಂಬೈ

ಉತ್ತರ: ಸುರುವಿನಲ್ಲಿ ಮಳೆಗಾಲ ಅಂದದ್ದು ಇದಕ್ಕೇ. ಈ ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿನ ಆಸುಪಾಸು, ಅದಕ್ಕಿಂತ ಜಾಸ್ತಿಯೂ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನಿಂದ ಸಪ್ಟೆಂಬರಿನೊಳಗೆ. ಶೆಡ್ಡಿನ ಮಾಡು ಸೋರದಿದ್ರೂ ಗಾಳಿಯೇ ಒದ್ದೆ. ಫ್ಲೈವೀಲು, ಪ್ರೆಶರ್ ಪ್ಲೇಟು ಎರಡೂ ಬೋಳು ಕಬ್ಬಿಣ, ಪೇಂಟ್ ಇಲ್ಲ, ಎಣ್ಣೆ ತಾಗಲೇ ಬಾರದ ಜಾಗ. ಅದರ ಮೇಲೆ ತುಕ್ಕು ಎದ್ದು ಮಧ್ಯೆ ಇರುವ ಕ್ಲಚ್ ಪ್ಲೇಟನ್ನು ಹಿಡ್ಕೊಂಡು ಬಿಟ್ಟಿದೆ. ನೀವು ಪೆಡಲ್ ಒತ್ತಿದ್ರೂ ಪ್ಲೇಟು ಬಿಡೂದಿಲ್ಲ, ಶಾಫ್ಟ್ ಇಂಜಿನ್ನಿನ ಜೊತೆಗೇ ತಿರುಗ್ತದೆ. ಗೇರ್‌ಬಾಕ್ಸಿಗೆ ಎಂತದೂ ಆಗ್ಲಿಲ್ಲ, ಇನ್ನು ಶಬ್ದ ಮಾಡಿಸಿ ಆಗುವ ಹಾಗೆ ಮಾತ್ರ ಮಾಡ್ಬೇಡಿ.

ಸುಲಭದ್ದು ಮೊದಲು. ಇಂಜಿನ್ ನ್ಯೂಟ್ರಲಿನಲ್ಲಿ ಬಿಸಿಯಾಗುವವರೆಗೆ ಓಡಿಸಿ ಆಫ್ ಮಾಡಿ, ಕ್ಲಚ್ ಪೆಡಲನ್ನು ತಳಕ್ಕೆ ಒತ್ತಿ ಸೀಟಿಗೂ ಪೆಡಲಿಗೂ ಮಧ್ಯೆ ಒಂದು ಗಟ್ಟಿ ರೀಪಿನ ತುಂಡು ಕೊಟ್ಟು ರಾತ್ರಿ ಇಡೀ ಬಿಡಿ. ಎಷ್ಟೋ ಸಲ ಬೆಳಿಗ್ಗೆ ಬಿಟ್ಟಿರ್ತದೆ. ಬಿಡದಿದ್ರೆ ಮೆಕ್ಯಾನಿಕ್ಕುಗಳು ಮಾಡುವ ಉಪಾಯ, ಇಂಜಿನ್ ಆಫ್ ಇರುವಾಗ್ಲೇ ಗೇರಿಗೆ ಹಾಕಿ, ಕ್ಲಚ್ ಒತ್ತಿ, ಬ್ರೇಕ್ ಗಟ್ಟಿ ಹಿಡಿದು ಸ್ಟಾರ್ಟರ್ ಕೊಡೂದು, ಆ ಎಳೆತಕ್ಕೆ ಪ್ಲೇಟು ಕಳಚ್ತದೆ. ಆದ್ರೆ ಕಳಚದೆ ಇದ್ರೆ ಗಾಡಿ ಮುಂದೆ ಹಾರ್ತದೆ, ಎದುರು ಶೆಡ್ಡಿನ ಕೆಂಪುಕಲ್ಲಿನ ಗೋಡೆ ಇದ್ರೆ ಬಂಪರ್ ಹೋಯ್ತು, ಮನುಷ್ಯರು ಇದ್ರೆ ಹೇಳೂದೇ ಬೇಡ. ಹಾಗಾಗಿ ಇದನ್ನು ಅಂಗಳಕ್ಕೆ ದೂಡಿ ತಂದು, ಎದುರು ಹಿಂದೆ ಜಾಗ ಖಾಲಿ ಮಾಡಿ, ಗೊತ್ತಿದ್ದ ಮೆಕ್ಯಾನಿಕ್ಕಿನ ಕೈಯಲ್ಲೇ ಮಾಡಿಸಿ. ಮಕ್ಕಳನ್ನು ಜಗಲಿಗೆ ಕಳಿಸಿ. ಇದರಲ್ಲೂ ಬಿಡದಿದ್ರೆ ಇಳಿಸ್ಲಿಕ್ಕೇ ಬೇಕು.

ಮುಂದಿನ ವರ್ಷಕ್ಕೆ: ಬೀಗದ ಕೈ ನೆರೆಮನೆಯಲ್ಲಿ ಯಾರಾದ್ರೂ ಗಾಡಿ ಬಿಡುವವರಿಗೆ ಕೊಟ್ಟು ಹೋಗಿ, ವಾರಕ್ಕೊಮ್ಮೆ ಶಿರ್ವ ಪೇಟೆಗೆ ಹೋಗಿ ಬರ್ಲಿ, ಪೆಟ್ರೋಲಿನ ದುಡ್ಡು ನಿಮ್ಮದು. ಬರೇ ಸ್ಟಾರ್ಟ್ ಮಾಡಿ ನಿಲ್ಲಿಸಿದ್ರೆ ಸಾಲದು, ಕ್ಲಚ್ ಕೆಲಸ ಮಾಡ್ಬೇಕು, ಬ್ರೇಕು ತಿಕ್ಕಬೇಕು. ತಿಂಗಳುಗಟ್ಟಲೆ ಇಡುವಾಗ ಹ್ಯಾಂಡ್‌ಬ್ರೇಕ್ ಎಳೆದು ಹೋಗ್ಬೇಡಿ, ಅದರ ಶೂ ಸಹ ಡ್ರಮ್ಮಿಗೆ ಇದೇ ರೀತಿ ಹಿಡೀತದೆ, ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಮತ್ತೆ ಬಾನೆಟ್ಟಿನೊಳಗೆ ಇಲಿ ವಯರ್ ಕಡಿದಿದ್ಯಾ ನೋಡಿದ್ರಾ? ಆ ಬಗ್ಗೆ ಬರೆಯದೆ ಇದ್ದದ್ದು ಕಂಡು ಆಶ್ಚರ್ಯ ಆಯ್ತು.

ಪ್ರಶ್ನೆ: ಹೊಸ ಕಾರು. ರಿವರ್ಸ್ ಹೋಗುವಾಗ ಊಂ... ಅಂತ ಕೂಗ್ತದೆ, ಮುಂದೆ ಹೋಗುವಾಗ ಇಲ್ಲ. ಶೋರೂಮಿನವರು ಅದು ಹಾಗೆಯೇ ಅಂತಾರೆ. ನಂಬಬಹುದಾ?
— ಓದುಗರು, ಕಾಪು

ಉತ್ತರ: ಈ ವಿಷಯದಲ್ಲಿ ನಂಬಬಹುದು. ನೇರ ಹಲ್ಲಿನ ಗೇರು ತಿರುಗುವಾಗ ಕೂಗ್ತದೆ, ಓರೆ ಹಲ್ಲಿನದ್ದು ಕೂಗೂದಿಲ್ಲ. ಕರ್ರ್ ಅನ್ನುವ ಒರೆತ ಬೇರೆ, ಈ ಊಂ ಬೇರೆ. ಆದ್ರೆ ಕೂಗಿನ ಜೊತೆ ಲೊಟ ಲೊಟ ಅಂತ ಬಡಿದ ಶಬ್ದ ಬಂದ್ರೆ ವಾರಂಟಿ ಇರುವಾಗಲೇ ತೋರಿಸಿ.

ಪ್ರಶ್ನೆ: ಮೊನ್ನೆ ಮಳೆಗೆ ರಸ್ತೆಯಲ್ಲಿ ನಿಂತ ನೀರಿನಲ್ಲಿ ಗಾಡಿ ತೆಗೆದೆ, ನೀರು ಬಾಗಿಲಿನ ಕೆಳಗಿನವರೆಗೆ ಇತ್ತು. ಈಗ ಗೇರುಗಳೆಲ್ಲ ಸ್ವಲ್ಪ ಬಿಗಿ. ಸಂಬಂಧ ಉಂಟಾ?
— ಓದುಗರು, ಕೊಟ್ಟಾರ

ಉತ್ತರ: ಇರಬಹುದು. ಗೇರ್‌ಬಾಕ್ಸಿನ ಮೇಲೆ ಗಾಳಿ ಆಡ್ಲಿಕ್ಕೆ ಬ್ರೀದರ್ ಅಂತ ಸಣ್ಣ ತೂತು ಉಂಟು, ಬಿಸಿ ಬಾಕ್ಸು ತಣ್ಣೀರಿಗೆ ಬಿದ್ದ ಕೂಡ್ಲೇ ಒಳಗಿನ ಗಾಳಿ ಕುಗ್ಗಿ ಅದರಲ್ಲಿ ನೀರು ಎಳ್ಕೊಳ್ತದೆ. 2018ರ ಮೇ 29ರ ಮಳೆ ಕಂಡ ಮಂಗಳೂರಿನ ಮೆಕ್ಯಾನಿಕ್ಕುಗಳಿಗೆ ಇದೇನು ಹೊಸತಲ್ಲ. ಡ್ರೈನ್ ಪ್ಲಗ್ ತೆಗೆಸಿ ಆಯಿಲ್ ನೋಡಿ, ಬಿಳಿಚಿ ಕಲಕಿದ ಹಾಗೆ ಆಗಿದ್ರೆ ನೀರು ಹೋಗಿದೆ, ಆಯಿಲ್ ಪೂರ್ತಿ ಇಳಿಸಿ ಹೊಸತು ಹಾಕಿಸಿ, ಸ್ವಲ್ಪ ದಿನ ಓಡಿಸಿ ಇನ್ನೊಮ್ಮೆ ಬದಲಿಸಿ. ಸಣ್ಣ ಕಾರಿಗೆ ಎರಡು ಲೀಟರಿನ ಆಸುಪಾಸು ಹಿಡೀತದೆ, ಬೇರಿಂಗ್ ತುಕ್ಕು ಹಿಡಿದು ಹೋಗೂದಕ್ಕಿಂತ ಇದು ಎಷ್ಟೋ ಅಗ್ಗ.

ಪ್ರಶ್ನೆ: ನಮ್ಮ ಮನೆ ದಾರಿ ತುಂಬಾ ಇಳಿಜಾರು, ಹ್ಯಾಂಡ್‌ಬ್ರೇಕಿನ ಮೇಲೆ ಧೈರ್ಯ ಇಲ್ಲ. ರಿವರ್ಸಿಗೆ ಹಾಕಿ ನಿಲ್ಲಿಸಿದ್ರೆ ಆ ನೇರ ಹಲ್ಲಿಗೆ ತೊಂದರೆ ಇಲ್ವಾ?
— ಓದುಗಿ, ಕದ್ರಿ

ಉತ್ತರ: ಎಂತ ತೊಂದರೆಯೂ ಇಲ್ಲ, ನಿಂತು ಕೂಡಿದ ಹಲ್ಲು ಗಟ್ಟಿಯೇ. ಮೂತಿ ಇಳಿಜಾರಿನ ಕಡೆ ಇದ್ರೆ ರಿವರ್ಸ್, ಚಡಾವಿನ ಕಡೆ ಇದ್ರೆ ಫಸ್ಟ್. ಮೊದಲು ಬ್ರೇಕ್ ಒತ್ತಿಕೊಂಡು ಹ್ಯಾಂಡ್‌ಬ್ರೇಕ್ ಎಳೀರಿ, ಗಾಡಿಯ ಭಾರ ಅದರ ಮೇಲೆ ಕೂರ್ಲಿ, ಮತ್ತೆ ಗೇರಿಗೆ ಹಾಕಿ. ಉಲ್ಟಾ ಮಾಡಿದ್ರೆ ಪೂರ್ತಿ ಭಾರ ಗೇರಿನ ಮೇಲೆ ಬಿದ್ದು ಬೆಳಿಗ್ಗೆ ತೆಗೆಯುವಾಗ ಲಿವರ್ ಬಿಗಿ ಆಗ್ತದೆ. ಸ್ಟಾರ್ಟ್ ಮಾಡುವ ಮೊದಲು ಬ್ರೇಕ್, ಕ್ಲಚ್ ಎರಡೂ ಒತ್ತಿ ನ್ಯೂಟ್ರಲಿಗೆ ತನ್ನಿ, ಚಕ್ರಕ್ಕೆ ಕಲ್ಲು ಕೊಟ್ಟಿದ್ರೆ ತೆಗೆದು ಬದಿಗೆ ಇಡಿ, ದಾರಿ ಮಧ್ಯೆ ಬಿಟ್ಟು ಹೋದ್ರೆ ರಾತ್ರಿ ಬೈಕಿನವರಿಗೆ ಕಷ್ಟ.